ಸಾದಾ ಟೀ ಶರ್ಟಿಗೆ 20,000 ಕೊಡಬೇಕೆ? ಡಿಸೈನರ್ ಬೆಲೆಯನ್ನು ಬಟ್ಟೆಯಲ್ಲೇ ಅಳೆಯುವ ಕ್ರಮ

ಬರಹವಿಲ್ಲ, ಚಿತ್ರವಿಲ್ಲ, ಬರೀ ಬಿಳಿ ಟೀ ಶರ್ಟು. ದೊಡ್ಡ ಡಿಸೈನರ್ ಅಂಗಡಿಯಲ್ಲಿ ಅದಕ್ಕೆ 20,000 ರೂಪಾಯಿ, ಕೆಲವೊಮ್ಮೆ 40,000. ಅದೇ ಅಳತೆಯ, ನೋಡಲು ಅದೇ ಥರದ ಇನ್ನೊಂದು 999ಕ್ಕೆ ಸಿಗುತ್ತದೆ. ಎರಡರ ನಡುವೆ ನಿಜವಾದ ವ್ಯತ್ಯಾಸ ಇದೆ, ಆದರೆ ಅದು ಬೆಲೆಯ ಅಂತರಕ್ಕೆ ಎಲ್ಲಿಯೂ ಸಮನಾಗಿಲ್ಲ. ಒಂದು ಉಡುಪಿನಲ್ಲಿ ಭಾಗಗಳು ಕಡಿಮೆ ಇದ್ದಷ್ಟೂ ಹಣ ಹೋಗಿ ಸೇರಿಕೊಳ್ಳುವ ಜಾಗವೂ ಕಡಿಮೆ. ಟೀ ಶರ್ಟಿನಲ್ಲಿ ಗುಣಮಟ್ಟ ಬಲು ಬೇಗ ತುದಿ ಮುಟ್ಟುತ್ತದೆ, ಬೆಲೆ ಮಾತ್ರ ಏರುತ್ತಲೇ ಹೋಗುತ್ತದೆ. ಅಂಗಿಯಲ್ಲಿ ಈ ತುದಿ ಸ್ವಲ್ಪ ಮೇಲಿದೆ, ಸ್ವೆಟರಿನಲ್ಲಿ ಇನ್ನೂ ಮೇಲೆ. ಪ್ರತಿಯೊಂದರ ತುದಿ ಎಲ್ಲಿದೆ, ಅಂಗಡಿಯಲ್ಲಿ ನಿಂತು ಅದನ್ನು ಕಂಡುಹಿಡಿಯುವುದು ಹೇಗೆ ಎಂದು ಒಂದೊಂದಾಗಿ ನೋಡೋಣ.

ಮೊದಲು ತಕ್ಕಡಿಯ ಲೆಕ್ಕ

ಅಡುಗೆಮನೆಯ ಡಿಜಿಟಲ್ ತಕ್ಕಡಿ ಮತ್ತು ಒಂದು ಟೇಪು ಸಾಕು. ಟೀ ಶರ್ಟನ್ನು ಮೇಜಿನ ಮೇಲೆ ಹರಡಿ ಎದೆಯ ಅಗಲ, ಭುಜದಿಂದ ಕೆಳಗಿನ ಅಂಚಿನವರೆಗಿನ ಉದ್ದ, ತೋಳಿನ ಉದ್ದ ಮತ್ತು ಅಗಲ ಅಳೆಯಿರಿ. ಎದೆ 56 ಸೆಂ.ಮೀ., ಉದ್ದ 72 ಸೆಂ.ಮೀ. ಎಂದಿಟ್ಟುಕೊಳ್ಳಿ. ಮುಂಭಾಗ, ಹಿಂಭಾಗ ಸೇರಿ 56 × 72 × 2, ಅಂದರೆ 8,064 ಚದರ ಸೆಂ.ಮೀ. ತೋಳು 22 × 20 ಇದ್ದರೆ ಎರಡು ತೋಳಿನ ಎರಡೂ ಬದಿಗೆ 1,760. ಒಟ್ಟು 9,824 ಚದರ ಸೆಂ.ಮೀ., ಹತ್ತಿರ ಹತ್ತಿರ ಒಂದು ಚದರ ಮೀಟರ್. ತೂಕ 190 ಗ್ರಾಂ ಬಂದರೆ ಬಟ್ಟೆ ಚದರ ಮೀಟರಿಗೆ ಸುಮಾರು 193 ಗ್ರಾಂ, ಅಂದರೆ 193 ಜಿಎಸ್‌ಎಂ. ಕತ್ತಿನ ಜಾಗ ಕಳೆದದ್ದಕ್ಕೂ ಅಂಚಿನ ಮಡಿಕೆ ಕೂಡಿದ್ದಕ್ಕೂ ಸರಿಹೋಗುವುದರಿಂದ ಈ ಲೆಕ್ಕ ಹೆಚ್ಚು ತಪ್ಪುವುದಿಲ್ಲ.

140ರಿಂದ 160 ಜಿಎಸ್‌ಎಂ ತೆಳು. ಬಿಳಿಯದಾದರೆ ಒಳಗಿನ ಬನಿಯನ್ ಕಾಣುತ್ತದೆ. 180ರಿಂದ 200 ನಮ್ಮ ಹವೆಗೆ ಒಳ್ಳೆಯ ನಡುಮಟ್ಟ. 220ಕ್ಕಿಂತ ಮೇಲಿನದರ ಬೀಳು (ಮೈಮೇಲೆ ಇಳಿಬೀಳುವ ರೀತಿ) ಚೆನ್ನಾಗಿರುತ್ತದೆ, ಹೊಟ್ಟೆಗೆ ಅಂಟದು, ಆದರೆ ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ಅದನ್ನು ಹಾಕಿಕೊಂಡು ತಿರುಗುವುದು ಕಷ್ಟ. ದಪ್ಪವೆಂದರೆ ಒಳ್ಳೆಯದು ಎಂಬ ನಂಬಿಕೆ ನಮ್ಮ ಸೆಕೆಗೆ ಹೊಂದದು.

ಈಗ ಇದೇ 190 ಗ್ರಾಮಿಗೆ ಬೆಲೆ ಕಟ್ಟಿ. ಕತ್ತರಿಸುವಾಗ ಹೋಗುವ ಚೂರು ಸೇರಿ ಒಂದು ಟೀ ಶರ್ಟಿಗೆ 230 ಗ್ರಾಂ ಬಟ್ಟೆ ಬೇಕು. ಬಣ್ಣ ಹಾಕಿದ ಸಾಧಾರಣ ಕೋಂಬ್ಡ್ (ಗಿಡ್ಡ ಎಳೆ ಬಾಚಿ ತೆಗೆದ) ಹತ್ತಿಯ ಹೆಣಿಗೆ ಬಟ್ಟೆಯನ್ನು ಸಗಟು ದರದಲ್ಲಿ ಕಿಲೋಗೆ 550 ರೂಪಾಯಿ ಎಂದು ಹಿಡಿದರೆ ಇದು 127 ರೂಪಾಯಿಯ ಬಟ್ಟೆ. ಅತಿ ಉದ್ದ ಎಳೆಯ ಹತ್ತಿಯಲ್ಲಿ ಎರಡು ನೂಲು ಹುರಿ ಮಾಡಿ ಹೆಣೆದದ್ದಕ್ಕೆ ಕಿಲೋಗೆ 1,300 ಹಿಡಿಯಿರಿ: 299 ರೂಪಾಯಿ. ದರ ವರ್ಷವರ್ಷಕ್ಕೆ ಏರಿಳಿಯುತ್ತದೆ, ಅಂದಾಜು ಅಷ್ಟೇ, ಆದರೆ ಪ್ರಮಾಣ ಇದೇ. ತೀರಾ ಒಳ್ಳೆಯ ಹತ್ತಿಗೂ ಸಾಧಾರಣ ಹತ್ತಿಗೂ ಒಂದು ಟೀ ಶರ್ಟಿನ ಮಟ್ಟಿಗೆ ಇರುವ ಅಂತರ ಸುಮಾರು 170 ರೂಪಾಯಿ. ಹೊಲಿಗೆಯೂ ದೊಡ್ಡ ಕೆಲಸವಲ್ಲ. ಕಾರ್ಖಾನೆಯ ಲೈನಿನಲ್ಲಿ ಒಂದು ಸಾದಾ ಟೀ ಶರ್ಟಿಗೆ ಬೀಳುವುದು ಹತ್ತು ನಿಮಿಷದೊಳಗಿನ ಕೆಲಸ. ಕೈಯಲ್ಲಿ ಮಾಡಬೇಕಾದ್ದು ಏನೂ ಇಲ್ಲ.

ಹತ್ತಿಯ ಹೆಸರುಗಳು ಏನು ಹೇಳುತ್ತವೆ

ಹತ್ತಿಯ ಗುಣ ನಿಂತಿರುವುದು ಎಳೆಯ ಉದ್ದದ ಮೇಲೆ. ಎಳೆ ಉದ್ದವಿದ್ದರೆ ನೂಲಿನಿಂದ ಹೊರಚಾಚುವ ತುದಿಗಳು ಕಡಿಮೆ. ತುದಿ ಕಡಿಮೆ ಇದ್ದರೆ ಜುಂಗು ಏಳುವುದು, ಉಂಡೆ ಕಟ್ಟುವುದು, ಸವೆಯುವುದು ಎಲ್ಲವೂ ಕಡಿಮೆ. ಭಾರತದಲ್ಲಿ ಬೆಳೆಯುವ ಸಾಮಾನ್ಯ ಹತ್ತಿಯ ಎಳೆ 28ರಿಂದ 30 ಮಿ.ಮೀ. ಇರುತ್ತದೆ. ಅತಿ ಉದ್ದದ ಎಳೆ ಎಂದರೆ 33 ಮಿ.ಮೀ. ಮತ್ತು ಅದಕ್ಕಿಂತ ಮೇಲೆ. ಈಜಿಪ್ಟಿನ ಗೀಜಾ ತಳಿಗಳು, ಅಮೆರಿಕದ ಪೀಮಾ, ಕೊಯಮತ್ತೂರಿನಲ್ಲಿ ಸುಜಾತ ಮತ್ತು ಸೇಂಟ್ ವಿನ್ಸೆಂಟ್ ತಳಿಗಳನ್ನು ಕೂಡಿಸಿ 1974ರಲ್ಲಿ ಹೊರತಂದ ಸುವಿನ್, ಇವೆಲ್ಲ ಈ ಸಾಲಿನವು. ನಮ್ಮ ಧಾರವಾಡದಲ್ಲಿ ರೂಪುಗೊಂಡ ಡಿಸಿಎಚ್-32, ರೈತರ ಬಾಯಲ್ಲಿ ಜಯಲಕ್ಷ್ಮಿ, ಇದೇ ವರ್ಗದ ಹತ್ತಿ. ಅಂದರೆ ಒಳ್ಳೆಯ ಎಳೆ ಯುರೋಪಿನ ಸೊತ್ತೇನೂ ಅಲ್ಲ.

ಚೀಟಿಯ ಮೇಲಿನ ಮಾತನ್ನು ಎಚ್ಚರದಿಂದ ಓದಿ. "ಈಜಿಪ್ಶಿಯನ್ ಕಾಟನ್" ಎಂದರೆ ಈಜಿಪ್ಟಿನ ನೆಲದಲ್ಲಿ ಬೆಳೆದದ್ದು ಎಂದಷ್ಟೇ ಅರ್ಥ, ಎಳೆಯ ಉದ್ದದ ಖಾತ್ರಿಯಿಲ್ಲ. ಹೆಸರಿಗೂ ಖಾತ್ರಿಯಿಲ್ಲ ಎಂಬುದು 2016ರಲ್ಲಿ ಬಯಲಾಯಿತು. ಈಜಿಪ್ಶಿಯನ್ ಎಂದು ಬರೆದ ಹಾಸಿಗೆ ಬಟ್ಟೆಗಳಲ್ಲಿ ಬೇರೆ ಹತ್ತಿ ಇತ್ತೆಂದು ಅಮೆರಿಕದ ಟಾರ್ಗೆಟ್ ಕಂಪನಿ ಭಾರತದ ವೆಲ್‌ಸ್ಪನ್ ಜೊತೆಗಿನ ವ್ಯವಹಾರವನ್ನೇ ಕಡಿದುಕೊಂಡಿತು. "ಪೀಮಾ" ಎಂದು ಯಾರು ಬೇಕಾದರೂ ಬರೆದುಕೊಳ್ಳಬಹುದು, "ಸುಪೀಮಾ" ಎಂಬ ಹೆಸರಿಗೆ ಪರವಾನಗಿ ಬೇಕು. ಇವೆರಡರ ನಡುವೆ ಆರಿಸಬೇಕಾದರೆ ಪರವಾನಗಿ ಇರುವುದನ್ನೇ ತೆಗೆದುಕೊಳ್ಳಿ.

ನೂಲಿನ ನಂಬರ್ ಬಗ್ಗೆಯೂ ಒಂದು ಮಾತು. 30 ಎಂದರೆ ಒಂದು ಪೌಂಡ್ ನೂಲಿನಲ್ಲಿ 840 ಗಜದ 30 ಲಡಿಗಳು ಇವೆ ಎಂದು. ನಂಬರ್ ಹೆಚ್ಚಿದಂತೆ ನೂಲು ಸಣ್ಣ. ಟೀ ಶರ್ಟಿಗೆ ಸಾಮಾನ್ಯವಾಗಿ 20ರಿಂದ 40ರವರೆಗಿನ ಒಂಟಿ ನೂಲು ಬಳಸುತ್ತಾರೆ. ದುಬಾರಿಯದರಲ್ಲಿ 60 ಅಥವಾ 80ರ ನೂಲನ್ನು ಎರಡೆಳೆಯಾಗಿ ಹುರಿ ಮಾಡಿರುತ್ತಾರೆ. ಇದರ ಲಾಭ ಕಣ್ಣಿಗೆ ಕಾಣುತ್ತದೆ: ಮೇಲ್ಮೈ ನಯ, ಮತ್ತು ಒಗೆದ ಮೇಲೆ ಪಕ್ಕದ ಹೊಲಿಗೆ ತಿರುಚಿಕೊಂಡು ಹೊಟ್ಟೆಯ ಮೇಲೆ ಬರುವುದಿಲ್ಲ. ಒಂಟಿ ನೂಲಿನ ತಿರುಪು ಒಂದೇ ದಿಕ್ಕಿಗೆ ಇರುತ್ತದೆ, ನೀರು ಬಿದ್ದಾಗ ಅದು ಬಿಚ್ಚಿಕೊಳ್ಳಲು ಹೋಗಿ ಇಡೀ ಬಟ್ಟೆಯನ್ನು ಎಳೆಯುತ್ತದೆ. ಹುರಿ ಮಾಡುವಾಗ ಎದುರು ದಿಕ್ಕಿನ ತಿರುಪು ಕೊಡುವುದರಿಂದ ಎಳೆತ ಸಮವಾಗುತ್ತದೆ.

ಅಂಗಡಿಯಲ್ಲಿ ಐದು ನಿಮಿಷ

ಕೈಗೆ ಎಷ್ಟು ಮೆತ್ತಗಿದೆ ಎಂಬುದರಿಂದ ಶುರು ಮಾಡಬೇಡಿ. ಮೆತ್ತನೆಯ ಗುಣವನ್ನು ಸಿಲಿಕೋನ್ ಸಾಫ್ಟನರ್ ಹಾಕಿ ತರಿಸಬಹುದು. ಕೆಲವು ಒಗೆತಗಳಲ್ಲಿ ಅದು ಹೋಗಿ ಒಳಗಿನ ಒರಟು ಹತ್ತಿ ಮೇಲೆ ಬರುತ್ತದೆ. ಮನೆಗೆ ತಂದ ಮೇಲೆ ಒಳಭಾಗಕ್ಕೆ ಒಂದು ಹನಿ ನೀರು ಬಿಟ್ಟು ನೋಡಿ. ಮುತ್ತಿನಂತೆ ಹೊರಳುತ್ತಾ ನಿಂತರೆ ಲೇಪ ದಟ್ಟವಾಗಿದೆ, ತಟ್ಟನೆ ಹೀರಿಕೊಂಡರೆ ಆ ನಯ ಹತ್ತಿಯದೇ ಆಗಿರುವ ಸಂಭವ ಹೆಚ್ಚು.

ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಕತ್ತಿನ ಪಟ್ಟಿ. ಟೀ ಶರ್ಟು ಸಾಯುವುದು ಸಾಮಾನ್ಯವಾಗಿ ಅಲ್ಲಿಂದಲೇ. ಆ ಪಟ್ಟಿ ರಿಬ್ ಹೆಣಿಗೆಯದು (ಉಬ್ಬುಗೆರೆಯ, ಹಿಗ್ಗುವ ಹೆಣಿಗೆ), ಕತ್ತಿನ ಸುತ್ತಳತೆಗಿಂತ ನೂರಕ್ಕೆ ಹತ್ತು ಹದಿನೈದು ಭಾಗ ಗಿಡ್ಡ ಕತ್ತರಿಸಿ, ಹೊಲಿಯುವಾಗ ಎಳೆದು ಕೂಡಿಸಬೇಕು. ಹಾಗೆ ಮಾಡಿದರೆ ಅದು ಕತ್ತಿಗೆ ಒರಗಿ ಚಪ್ಪಟೆಯಾಗಿ ಕೂರುತ್ತದೆ. ಅವಸರದ ಲೈನಿನಲ್ಲಿ ಪಟ್ಟಿಯನ್ನು ಎಳೆಯದೆ ಸಮಸಮಕ್ಕೆ ಹೊಲಿದಿದ್ದರೆ ಹೊಸದರಲ್ಲಿ ಗೊತ್ತಾಗದು, ನಾಲ್ಕು ಒಗೆತಕ್ಕೆ ಅಂಚು ಅಲೆಅಲೆಯಾಗಿ ಏಳುತ್ತದೆ. ಪರೀಕ್ಷೆ ಸುಲಭ: ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಒಂದೂವರೆ ಪಟ್ಟು ಎಳೆದು ಬಿಡಿ. ಎರಡು ಮೂರು ಸೆಕೆಂಡಿನಲ್ಲಿ ಮೊದಲಿನ ಅಳತೆಗೆ ಮರಳಬೇಕು. ರಿಬ್‌ನಲ್ಲಿ ಎರಡರಿಂದ ಐದು ಶೇಕಡಾ ಹಿಗ್ಗಿ ಕುಗ್ಗುವ ಎಲಾಸ್ಟೇನ್ ನೂಲು ಇರುವುದು ತಪ್ಪಲ್ಲ, ಅದು ಬೇಕಾದ್ದೇ.

ಆಮೇಲೆ ಒಳಗು ಮೇಲು ಮಾಡಿ. ಒಂದು ಭುಜದಿಂದ ಕತ್ತಿನ ಹಿಂದೆ ಹಾದು ಇನ್ನೊಂದು ಭುಜದವರೆಗೂ ಟೇಪು ಹೊಲಿದಿದ್ದಾರೆಯೇ ನೋಡಿ. ಹ್ಯಾಂಗರಿನಲ್ಲಿ ಭುಜ ಜೋತುಬೀಳದಂತೆ ಹಿಡಿಯುವುದು ಅದೇ. ತೋಳಿನ, ಕೆಳ ಅಂಚಿನ ಹೊಲಿಗೆ ಎರಡು ಸಮಾಂತರ ಸಾಲಿನಲ್ಲಿರಬೇಕು. ಅಂಚನ್ನು ಎಳೆದಾಗ ದಾರ ಚಟಪಟ ಎನ್ನಬಾರದು. ಬೆಳಕಿಗೆ ಹಿಡಿದು ನೋಡಿ: ನೂಲಿನ ದಪ್ಪ ಸಣ್ಣ ಪಟ್ಟೆಗಳು ಮೋಡದಂತೆ ಕಂಡರೆ ನೂಲು ಸಮವಿಲ್ಲ. ಕಡು ಬಣ್ಣದ್ದಾದರೆ ಒದ್ದೆ ಬಿಳಿ ಕರ್ಚೀಫಿನಿಂದ ಒಳ ಅಂಚನ್ನು ಹತ್ತು ಸಲ ಉಜ್ಜಿ, ಬಣ್ಣ ಇಳಿದರೆ ಅಲ್ಲೇ ಬಿಟ್ಟುಬನ್ನಿ.

ಇಷ್ಟು ಪರೀಕ್ಷೆಯಲ್ಲಿ 2,500 ರೂಪಾಯಿಯ ಒಂದು ಒಳ್ಳೆಯ ಟೀ ಶರ್ಟು 25,000ದ್ದಕ್ಕೆ ಸರಿಸಮ ನಿಲ್ಲುವುದು ಸಾಮಾನ್ಯ. ಕೆಲವೊಮ್ಮೆ ಗೆಲ್ಲುತ್ತದೆ ಕೂಡ, ಯಾಕೆಂದರೆ ಡಿಸೈನರ್ ಮನೆಗಳು ಬೀಳಿಗಾಗಿ ತೀರಾ ತೆಳು ನೂಲು ಆರಿಸುತ್ತವೆ ಮತ್ತು ತೆಳು ನೂಲು ಬೇಗ ತೂತು ಬೀಳುತ್ತದೆ. ಇದಕ್ಕೆ ಅಪವಾದಗಳಿವೆ. ಜಪಾನಿನ ವಕಾಯಾಮದಲ್ಲಿ ಲೂಪ್‌ವೀಲ್ ಎಂಬ ಹಳೆಯ ನಿಧಾನ ಹೆಣಿಗೆ ಯಂತ್ರಗಳ ಮೇಲೆ ಹೆಣೆಯುವ ಬಟ್ಟೆ ಗಂಟೆಗೆ ಸುಮಾರು ಒಂದು ಮೀಟರ್ ಮಾತ್ರ ಇಳಿಯುತ್ತದೆ. ನೂಲಿನ ಮೇಲೆ ಎಳೆತ ತೀರಾ ಕಡಿಮೆ ಇರುವುದರಿಂದ ಅದು ವರ್ಷಗಟ್ಟಲೆ ಆಕಾರ ಕಳೆದುಕೊಳ್ಳದು. 1860ರಿಂದ ಇರುವ ಇಂಗ್ಲೆಂಡಿನ ಸನ್‌ಸ್ಪೆಲ್ ಅತಿ ಉದ್ದ ಎಳೆಯ ಹತ್ತಿಯಲ್ಲಿ ಮಾಡುವ ಟೀ ಶರ್ಟಿಗೂ ಕೇಳುವ ಬೆಲೆಗೆ ತಕ್ಕ ಕಾರಣ ಇದೆ. ಆದರೆ ಇವೆರಡೂ ದೊಡ್ಡ ಫ್ಯಾಷನ್ ಮನೆಗಳ ಟೀ ಶರ್ಟಿಗಿಂತ ಬಹಳ ಅಗ್ಗ ಎಂಬುದನ್ನು ಗಮನಿಸಬೇಕು.

ಮನೆಗೆ ತಂದ ಮೇಲೆ, ಒಗೆಯುವ ಮೊದಲು ಎದೆ, ಉದ್ದ, ತೋಳು ಮೂರರ ಅಳತೆಯನ್ನೂ ಬರೆದಿಡಿ. ಮೂರು ಒಗೆತದ ನಂತರ ಮತ್ತೆ ಅಳೆಯಿರಿ. ಉದ್ದದಲ್ಲಿ ಶೇಕಡಾ 5ರವರೆಗೆ ಕುಗ್ಗುವುದನ್ನು ಹೆಣಿಗೆ ಬಟ್ಟೆಗೆ ಒಪ್ಪಬಹುದು. 72 ಸೆಂ.ಮೀ. ಇದ್ದದ್ದು 68ಕ್ಕಿಂತ ಕೆಳಗೆ ಬಂದರೆ ಬಟ್ಟೆಯನ್ನು ಕತ್ತರಿಸುವ ಮೊದಲು ವಿಶ್ರಾಂತಿಗೆ ಬಿಟ್ಟಿಲ್ಲ, ಎಳೆದ ಸ್ಥಿತಿಯಲ್ಲೇ ಕತ್ತರಿಸಿದ್ದಾರೆ ಎಂದು ತಿಳಿಯಿರಿ. ಅದೇ ಬ್ರ್ಯಾಂಡಿನ ಇನ್ನೊಂದನ್ನು ಕೊಳ್ಳಬೇಡಿ.

ಅಂಗಿ: ಇಲ್ಲಿ ಹಣಕ್ಕೆ ಕೆಲಸವಿದೆ

ಕಾರ್ಖಾನೆಯಲ್ಲಿ ಒಂದು ತುಂಬುತೋಳಿನ ಅಂಗಿಗೆ 20 ನಿಮಿಷದ ಆಸುಪಾಸು ಹೊಲಿಗೆ. ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ ಹೆಂಗಸರು ಹಗಲಿಡೀ ಮಾಡುವುದು ಈ ಕೆಲಸವನ್ನೇ, ಹೊರದೇಶದ ಹೆಸರಾಂತ ಬ್ರ್ಯಾಂಡುಗಳಿಗಾಗಿ. ಅವರ ಕೈಯ ಅಚ್ಚುಕಟ್ಟುತನ ಯಾವ ದೇಶದ ಹೊಲಿಗೆಗೂ ಕಡಿಮೆಯಲ್ಲ. ಕೊಟ್ಟ ಸಮಯ ಮತ್ತು ಕೊಟ್ಟ ಬಟ್ಟೆ ಎಷ್ಟೋ ಅಷ್ಟು ಗುಣ ಬರುತ್ತದೆ. ಇಟಲಿಯ ನೇಪಲ್ಸಿನ ಕೈಹೊಲಿಗೆಯ ಅಂಗಿಗೆ ಇದೇ ಕೆಲಸ ಹಲವು ಗಂಟೆ ಹಿಡಿಯುತ್ತದೆ. ತೋಳನ್ನು ಕೈಯಲ್ಲಿ ಕೂಡಿಸುತ್ತಾರೆ, ಕಾಜಾಗಳನ್ನು ಕೈಯಲ್ಲಿ ಸುತ್ತುತ್ತಾರೆ. ಅಲ್ಲಿ ನೀವು ಕೊಡುವ ಹಣದಲ್ಲಿ ಒಂದು ಪಾಲು ನಿಜವಾಗಿ ಕೂಲಿ. ಕೈಯಲ್ಲಿ ಕೂಡಿಸಿದ ತೋಳು ಕಂಕುಳಲ್ಲಿ ಮೃದುವಾಗಿ ಆಡುತ್ತದೆ, ಆದರೆ ಯಂತ್ರದ ಹೊಲಿಗೆಗಿಂತ ಹೆಚ್ಚು ಬಾಳಿಕೆ ಬರುತ್ತದೆ ಎಂದೇನಿಲ್ಲ.

ಅಳೆಯುವ ಕ್ರಮ ಹೀಗೆ. ಕಾಲರಿನ ಅಂಚಿಗೆ ಸ್ಕೇಲ್ ಇಟ್ಟು ಒಂದು ಇಂಚಿನಲ್ಲಿ ಎಷ್ಟು ಹೊಲಿಗೆ ಇವೆ ಎಣಿಸಿ. 12ರಿಂದ 14 ಸಾಮಾನ್ಯ, 18ರ ಮೇಲೆ ಒಳ್ಳೆಯದು, 22 ಅತ್ಯುತ್ತಮ. ಹೊಲಿಗೆ ಸಣ್ಣದಾದಷ್ಟೂ ಯಂತ್ರ ನಿಧಾನ ಹೋಗಬೇಕು, ಸೂಜಿಯೂ ಸಣ್ಣದಿರಬೇಕು. ದಪ್ಪ ಸೂಜಿಯಲ್ಲಿ ಒತ್ತೊತ್ತಾಗಿ ಹೊಲಿದರೆ ತೆಳು ಬಟ್ಟೆಯಲ್ಲಿ ತೂತಿನ ಸಾಲು ಬಿದ್ದು ಅಲ್ಲೇ ಹರಿಯುತ್ತದೆ. ಪಕ್ಕದ ಹೊಲಿಗೆಯನ್ನು ಒಳಗಿನಿಂದ ನೋಡಿ. ಕಚ್ಚಾ ಅಂಚಿಗೆ ಬರೀ ದಾರ ಸುತ್ತಿ, ಅಂದರೆ ಓವರ್‌ಲಾಕ್ ಮಾಡಿ ಬಿಟ್ಟಿದ್ದರೆ ಅದು ಅಗ್ಗದ ದಾರಿ. ಬಟ್ಟೆಯ ಕಚ್ಚಾ ಅಂಚನ್ನು ಮಡಿಚಿ ಒಳಗೆ ಮುಚ್ಚಿ, ಹೊರಗೆ ಒಂದೇ ಸಾಲು ಕಾಣುವಂತೆ ಹೊಲಿದಿದ್ದರೆ ಮೇಲ್ದರ್ಜೆ. ಎರಡು ಸಾಲಿನ ಯಂತ್ರದ ಚೈನ್ ಹೊಲಿಗೆ ಗಟ್ಟಿ, ಆದರೆ ಒಗೆದ ಮೇಲೆ ಸುಕ್ಕುಗಟ್ಟುತ್ತದೆ. ಗೆರೆಯ ಬಟ್ಟೆಯಾದರೆ ಜೇಬಿನ ಗೆರೆ ಎದೆಯ ಗೆರೆಗೆ, ತೋಳಿನದು ಭುಜದ್ದಕ್ಕೆ ಕೂಡಬೇಕು. ಹಾಗೆ ಕೂಡಿಸಲು ಬಟ್ಟೆ ಹೆಚ್ಚು ಬೇಕು, ಅಗ್ಗದ ಅಂಗಿಯಲ್ಲಿ ಮೊದಲು ಕೈಬಿಡುವುದು ಇದನ್ನೇ.

ಕಾಲರ್ ಗಟ್ಟಿಯಾಗಿ ನಿಲ್ಲಲು ಒಳಗೆ ಇಡುವ ಬಕ್ರಂ ಬಗ್ಗೆ ಗಮನ ಕೊಡಿ. ಅಂಟು ಹಾಕಿ ಶಾಖದಲ್ಲಿ ಒತ್ತಿದ ಬಕ್ರಂ ಅಚ್ಚುಕಟ್ಟಾಗಿ ನಿಲ್ಲುತ್ತದೆ. ಅಗ್ಗದ ಅಂಟಾದರೆ ಬಿಸಿ ಇಸ್ತ್ರಿಗೆ ಬಿಟ್ಟುಕೊಂಡು ಗುಳ್ಳೆ ಏಳುತ್ತದೆ, ಆ ಅಂಗಿಯನ್ನು ಮತ್ತೆ ಸರಿಮಾಡಲಾಗದು. ಕಾಲರನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೇಲಿನ ಪದರವನ್ನು ಎತ್ತಿ ನೋಡಿ. ಪದರ ಬೇರೆಯಾಗಿ ಸರಿದಾಡಿದರೆ ಅಂಟಿಲ್ಲದ ಬಕ್ರಂ. ಅದಕ್ಕೆ ಇಸ್ತ್ರಿ ಹಾಕಲು ತಾಳ್ಮೆ ಬೇಕು, ಆದರೆ ಗುಳ್ಳೆಯ ಭಯವಿಲ್ಲ. ಚಿಪ್ಪಿನ ಗುಂಡಿ ತುಟಿಗೆ ಸೋಕಿಸಿದರೆ ತಣ್ಣಗಿರುತ್ತದೆ, ಹಿಂಬದಿಯಲ್ಲಿ ಬಣ್ಣ ಏಕಸಮ ಇರುವುದಿಲ್ಲ. ನೋಡಲು ಬಲು ಚೆಂದ, ಆದರೆ ಬಟ್ಟೆಯನ್ನು ಕಲ್ಲಿಗೆ ಬಡಿಯುವ ಮನೆಯಲ್ಲಿ ಅದು ಉಳಿಯದು. ಅಂಥ ಕಡೆ ಗಟ್ಟಿ ಪ್ಲಾಸ್ಟಿಕ್ ಗುಂಡಿಯೇ ಮೇಲು.

ಬಟ್ಟೆಯ ನಂಬರಿನಲ್ಲಿ ಮೋಸ ಹೋಗುವವರು ಬಹಳ. 100ರ ಒಂಟಿ ನೂಲಿನ ಪಾಪ್ಲಿನ್ ಬೇರೆ, 100ರ ನೂಲು ಎರಡೆಳೆ ಹುರಿ ಮಾಡಿದ ಪಾಪ್ಲಿನ್ ಬೇರೆ, ಎರಡನೆಯದೇ ಬೆಲೆಬಾಳುವುದು. ಆದರೆ 170, 200 ಎಂದು ನಂಬರ್ ಏರಿದಂತೆ ಬಟ್ಟೆ ರೇಷ್ಮೆಯಂತಾಗುತ್ತದೆ, ಬೆಲೆ ಹಲವು ಪಟ್ಟಾಗುತ್ತದೆ, ಆಯಸ್ಸು ಇಳಿಯುತ್ತದೆ. ಮೊಣಕೈ ಮತ್ತು ಕಾಲರಿನ ಮಡಿಕೆಯಲ್ಲಿ ಮೊದಲು ಸವೆಯುವುದು ಇಂಥವೇ. ದಿನನಿತ್ಯದ ಕೆಲಸಕ್ಕೆ 80ರಿಂದ 120ರ ಎರಡೆಳೆಯೇ ಸರಿ. ಇನ್ನು "ಇಸ್ತ್ರಿ ಬೇಡ" ಎಂಬ ಅಂಗಿಗಳು. ರಾಳದ ಲೇಪದಿಂದ ಹತ್ತಿಯ ಎಳೆಗಳನ್ನು ಕಟ್ಟಿಹಾಕಿರುತ್ತಾರೆ, ಅದರಿಂದ ಎಳೆಯ ಬಲ ಕುಂದುತ್ತದೆ. ಅನುಕೂಲಕ್ಕಾಗಿ ಕೊಳ್ಳಿ, ಬಾಳಿಕೆಗಾಗಿ ಅಲ್ಲ.

ಡಿಸೈನರ್ ಮನೆಗಳು ನಿಜವಾಗಿ ದುಡಿದಿರುವ ಒಂದು ವಿಷಯ ಕಟಿಂಗ್. ಅಂಗಿ ಹಾಕಿಕೊಂಡು ಎರಡೂ ಕೈಗಳನ್ನು ಭುಜದ ಮಟ್ಟಕ್ಕೆ ಎತ್ತಿ. ಕಂಕುಳ ಮೇಲಕ್ಕಿದ್ದು ಮೈಗೆ ಹತ್ತಿರ ಕತ್ತರಿಸಿದ್ದರೆ ಅಂಗಿಯ ಅಂಚು ಸ್ವಲ್ಪವೇ ಏರುತ್ತದೆ. ಇಡೀ ಅಂಗಿ ಪ್ಯಾಂಟಿನಿಂದ ಹೊರಬಂದರೆ ಕಂಕುಳ ತಗ್ಗಿನಲ್ಲಿದೆ. ದೊಡ್ಡ ಕಾರ್ಖಾನೆಗಳು ಎಲ್ಲ ಮೈಕಟ್ಟಿಗೂ ಹಿಡಿಸಲಿ ಎಂದು ಕಂಕುಳ ತಗ್ಗಿಸುತ್ತವೆ. ಇದೊಂದಕ್ಕೆ ಹೆಚ್ಚು ಕೊಡುವುದರಲ್ಲಿ ಅರ್ಥವಿದೆ, ಆದರೆ ಆ ಕಟಿಂಗ್ ನಿಮ್ಮ ಮೈಗೆ ಕೂತಾಗ ಮಾತ್ರ. ಇಟಲಿಯ ಮೈಕಟ್ಟಿಗೆ ಮಾಡಿದ ತೋಳು ನಮ್ಮಲ್ಲಿ ಅನೇಕರಿಗೆ ಉದ್ದವಾಗುತ್ತದೆ.

ಮಿಕ್ಕ ಹಣ ಎಲ್ಲಿಗೆ

ಇಟಲಿ ಅಥವಾ ಪೋರ್ಚುಗಲ್‌ನಲ್ಲಿ ಅತ್ಯುತ್ತಮ ಹತ್ತಿಯಿಂದ ಮಾಡಿಸಿದ ಟೀ ಶರ್ಟಿನ ಒಟ್ಟು ತಯಾರಿಕೆ 22 ಯೂರೋ ಎಂದುಕೊಳ್ಳಿ. ಬ್ರ್ಯಾಂಡು ಅದನ್ನು ಎರಡೂವರೆ ಪಟ್ಟಿಗೆ, ಅಂದರೆ 55ಕ್ಕೆ ಅಂಗಡಿಗೆ ಕೊಡುತ್ತದೆ. ಅಂಗಡಿ ಮತ್ತೆ ಎರಡೂವರೆ ಪಟ್ಟಿಗೆ, ಸುಮಾರು 138 ಯೂರೋಗೆ ಮಾರುತ್ತದೆ. ಬಾಡಿಗೆ, ಸಂಬಳ, ಮಾರಾಟವಾಗದೆ ಉಳಿಯುವ ಮಾಲು, ತೆರಿಗೆ ಎಲ್ಲ ಈ ಪಟ್ಟುಗಳ ಒಳಗೇ ಇವೆ. ಹಾಗಾಗಿ 140 ಯೂರೋವರೆಗಿನ ಬೆಲೆಯನ್ನು ವ್ಯಾಪಾರದ ಲೆಕ್ಕದಲ್ಲಿ ವಿವರಿಸಬಹುದು. ಅದೇ ಟೀ ಶರ್ಟು 400 ಯೂರೋ ಆದಾಗ ಉಳಿದ 260ಕ್ಕೆ ಬಟ್ಟೆಯಲ್ಲಿ ವಿವರಣೆ ಸಿಗುವುದಿಲ್ಲ.

ಭಾರತದಲ್ಲಿ ಕೊಂಡರೆ ಇನ್ನೊಂದು ಪದರ ಸೇರುತ್ತದೆ. ಆಮದು ಉಡುಪಿನ ಮೇಲೆ ಸಾಮಾನ್ಯವಾಗಿ 20 ಶೇಕಡಾ ಸುಂಕ, ಅದರ ಮೇಲೆ ಹತ್ತು ಶೇಕಡಾ ಸರ್‌ಚಾರ್ಜ್, ಆಮೇಲೆ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ 5 ಶೇಕಡಾ, ಅದಕ್ಕಿಂತ ಮೇಲೆ 18. ಈ ಗಡಿಯನ್ನು ನೆನಪಿಟ್ಟುಕೊಳ್ಳುವುದು ಲಾಭ: ತೆರಿಗೆ ಬಿಟ್ಟು 2,600ರ ಅಂಗಿ ಕೈಗೆ ಬರುವಾಗ 3,068 ಆಗುತ್ತದೆ, 2,500ರದ್ದು 2,625. ಯುರೋಪಿನಲ್ಲಿ ಪ್ರವಾಸದಲ್ಲಿದ್ದಾಗ ಕೊಂಡರೆ ವ್ಯಾಟ್ ವಾಪಸು ಪಡೆಯಬಹುದು. ಇಟಲಿಯಲ್ಲಿ ಅದಕ್ಕೆ ಒಂದೇ ಬಿಲ್ಲು 70 ಯೂರೋ ದಾಟಬೇಕು. ಅಲ್ಲಿನ ವ್ಯಾಟ್ 22 ಶೇಕಡಾ ಇದ್ದರೂ ಏಜೆನ್ಸಿಯ ಕಮಿಷನ್ ಕಳೆದು ಕೈಗೆ ಸಿಗುವುದು ಅದಕ್ಕಿಂತ ಸಾಕಷ್ಟು ಕಡಿಮೆ.

ಹೆಚ್ಚು ಕೊಟ್ಟರೆ ಹೊಲಿದವರಿಗೆ ಹೆಚ್ಚು ಕೂಲಿ ಸಿಗುತ್ತದೆ ಎಂದು ನಂಬಿ ಕೊಳ್ಳುವವರು ಇದ್ದಾರೆ. ಆ ನಂಬಿಕೆಗೆ ಆಧಾರ ತೆಳು. 2024ರ ಜೂನ್‌ನಲ್ಲಿ ಇಟಲಿಯ ಮಿಲಾನ್ ನ್ಯಾಯಾಲಯ ಫ್ರಾನ್ಸಿನ ಫ್ಯಾಷನ್ ಮನೆ ಡಿಯೋರ್‌ನ ಒಂದು ತಯಾರಿಕಾ ಘಟಕವನ್ನು ತನ್ನ ಆಡಳಿತದ ಕೆಳಗೆ ತಂದಿತು. ಅಂಗಡಿಯಲ್ಲಿ 2,600 ಯೂರೋಗೆ ಮಾರುವ ಚೀಲದ ಜೋಡಣೆಗೆ ಉಪಗುತ್ತಿಗೆದಾರನಿಗೆ ಸಿಗುತ್ತಿದ್ದದ್ದು, ಚರ್ಮದ ಖರ್ಚು ಬಿಟ್ಟು, 53 ಯೂರೋ ಎಂದು ಆ ತನಿಖೆಯಲ್ಲಿ ಹೊರಬಂತು. 2025ರ ಜುಲೈನಲ್ಲಿ ಉಪಗುತ್ತಿಗೆಯ ಮೇಲೆ ನಿಗಾ ಇಡಲಿಲ್ಲವೆಂದು ಇಟಲಿಯ ಲೋರೋ ಪಿಯಾನಾ ಬ್ರ್ಯಾಂಡನ್ನೂ ಅದೇ ನ್ಯಾಯಾಲಯ ಒಂದು ವರ್ಷದ ನಿಗಾ ಆಡಳಿತಕ್ಕೆ ಒಪ್ಪಿಸಿತು. ಗಂಡಸರ ಸಾದಾ ಉಡುಪಿನಲ್ಲಿ ಆ ಬ್ರ್ಯಾಂಡಿಗಿಂತ ದೊಡ್ಡ ಹೆಸರು ಕಡಿಮೆ. ಬೆಲೆಯ ಚೀಟಿಯಿಂದ ಕೂಲಿಯನ್ನು ಊಹಿಸಲಾಗದು.

ಲೇಬಲ್ಲಿನಿಂದಲೂ ಎಲ್ಲ ತಿಳಿಯದು. "ಮೇಡ್ ಇನ್ ಇಟಲಿ" ಎಂದು ಬರೆಯಲು ಕೊನೆಯ ಮುಖ್ಯ ಹಂತದ ಕೆಲಸ ಅಲ್ಲಿ ಆಗಿದ್ದರೆ ಸಾಕು, ನೂಲು ಬಟ್ಟೆ ಬೇರೆ ಕಡೆಯದಿರಬಹುದು. ಒಂದೇ ಹೆಸರಿನ ಮೆಟ್ಟಿಲುಗಳನ್ನೂ ಗಮನಿಸಿ. ಜಾರ್ಜಿಯೋ ಅರ್ಮಾನಿ, ಎಂಪೋರಿಯೋ ಅರ್ಮಾನಿ, ಅರ್ಮಾನಿ ಎಕ್ಸ್‌ಚೇಂಜ್ ಮೂರೂ ಬೇರೆ ಬೇರೆ ದರ್ಜೆ. ಹೆಸರು ಮಾತ್ರ ಸಾಮಾನ್ಯ. ಮುದ್ರೆ ಹಾಕಿದ್ದಕ್ಕೇ ಬೆಲೆ ಏರುವುದಕ್ಕೆ ಎಲ್ಲರೂ ಬಲ್ಲ ಉದಾಹರಣೆ 2012ರದು. ಅಮೆರಿಕದ ಡಿಸೈನರ್ ವರ್ಜಿಲ್ ಅಬ್ಲೋ ತಮ್ಮ ಬ್ರ್ಯಾಂಡ್ ಪೈರೆಕ್ಸ್ ವಿಷನ್‌ಗಾಗಿ ರಾಲ್ಫ್ ಲಾರೆನ್‌ನ ರಗ್ಬಿ ಸಾಲಿನ ಉಳಿಕೆ ಫ್ಲಾನೆಲ್ ಅಂಗಿಗಳನ್ನು ತಂದು ಮೇಲೆ ಅಕ್ಷರ ಅಚ್ಚು ಹಾಕಿಸಿದರು. 40 ಡಾಲರಿನ ಆಸುಪಾಸಿನ ಅಂಗಿ 550 ಡಾಲರಿಗೆ ಮಾರಾಟವಾಯಿತು. ಅವರು ಮಾರಿದ್ದು ಒಂದು ಕಲ್ಪನೆಯನ್ನು, ಅದನ್ನು ಮುಚ್ಚಿಡಲೂ ಇಲ್ಲ. ಕಲ್ಪನೆ ಬೇಕೆನ್ನುವವರು ಕೊಳ್ಳಲಿ. ಬಟ್ಟೆಗೆ ಕೊಟ್ಟೆವು ಎಂದು ಮಾತ್ರ ತಿಳಿಯಬಾರದು.

ಸ್ವೆಟರ್, ಜೀನ್ಸ್, ಒಳಉಡುಪು

ಕ್ಯಾಶ್ಮೀರ್ ಸ್ವೆಟರಿನ ಬೆಲೆಗೆ ನೆಲದಲ್ಲಿ ಬೇರಿದೆ. ಒಂದು ಆಡಿನಿಂದ ವರ್ಷಕ್ಕೆ ಸಿಗುವ ಶುದ್ಧ ನಯ ಉಣ್ಣೆ 150ರಿಂದ 200 ಗ್ರಾಂ, ಒಂದು ಸ್ವೆಟರಿಗೆ ಬೇಕಾಗುವುದು 250ರಿಂದ 300. ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದ ಒಂದು ಪಾಲು. ಎಳೆ 16 ಮೈಕ್ರಾನ್‌ಗಿಂತ ಸಣ್ಣದಿದ್ದು 34 ಮಿ.ಮೀ.ಗಿಂತ ಉದ್ದವಿದ್ದರೆ ಉತ್ತಮ ದರ್ಜೆ. ಅಮೆರಿಕದ ಕಾನೂನು 19 ಮೈಕ್ರಾನ್‌ವರೆಗೂ ಕ್ಯಾಶ್ಮೀರ್ ಎನ್ನಲು ಬಿಡುತ್ತದೆ. ಹಾಗಾಗಿ "100 ಶೇಕಡಾ ಕ್ಯಾಶ್ಮೀರ್" ಎಂಬ ಅಗ್ಗದ ಸ್ವೆಟರ್ ಸುಳ್ಳಾಗಿರಬೇಕಿಲ್ಲ, ಎಳೆ ಗಿಡ್ಡ ಇರುತ್ತದೆ. ಕಂಕುಳ ಭಾಗವನ್ನು ಹೆಬ್ಬೆರಳಿನಿಂದ ಇಪ್ಪತ್ತು ಸಲ ಉಜ್ಜಿ, ಆಗಲೇ ಉಂಡೆ ಎದ್ದರೆ ಗಿಡ್ಡ ಎಳೆ. ಹೊಸದರಲ್ಲೇ ಅತಿ ಜುಂಗು, ಅತಿ ಮೆದು ಇರುವುದನ್ನು ಅನುಮಾನದಿಂದ ನೋಡಿ. ಉತ್ತಮ ಸ್ವೆಟರ್ ಮೊದಲು ಸ್ವಲ್ಪ ಬಿಗಿಯಾಗಿದ್ದು ಒಗೆದಂತೆ ಅರಳುತ್ತದೆ. ಮಡಿಕೇರಿಗೋ ಅಮೆರಿಕದ ಚಳಿಗೋ ಬೇಕಾದವರಿಗೆ 17ರಿಂದ 19 ಮೈಕ್ರಾನಿನ ಎರಡೆಳೆ ಮೆರಿನೋ ಕುರಿ ಉಣ್ಣೆ ಸಾಕು, ಬಾಳಿಕೆಯಲ್ಲಿ ಅದು ಕ್ಯಾಶ್ಮೀರನ್ನು ಮೀರಿಸುತ್ತದೆ.

ಜೀನ್ಸಿಗೆ ಡಿಸೈನರ್ ಬೆಲೆ ಬೇಡವೇ ಬೇಡ. ಒಳ್ಳೆಯ ಡೆನಿಮ್ ನೇಯುವ ಮಿಲ್ಲುಗಳು ಬೆರಳೆಣಿಕೆಯಷ್ಟು: ಜಪಾನಿನ ಕೈಹಾರಾ, ಇಟಲಿಯ ಕಾಂಡಿಯಾನಿ, ಅಹಮದಾಬಾದಿನ ಅರವಿಂದ್. ಅವರ ಬಟ್ಟೆ ಸಣ್ಣ ಬ್ರ್ಯಾಂಡುಗಳಿಗೂ ಹೋಗುತ್ತದೆ. ಒಳ ಉಡುಪು, ಸಾಕ್ಸ್ ವಿಷಯದಲ್ಲೂ ಅಷ್ಟೇ, ಇಲಾಸ್ಟಿಕ್ ಸತ್ತ ದಿನ ಎಲ್ಲವೂ ಒಂದೇ.

ಹಾಗಾದರೆ ಎಷ್ಟು ಕೊಡಬೇಕು

ನಮ್ಮ ಅಭಿಪ್ರಾಯದಲ್ಲಿ ಭಾರತದಲ್ಲಿ ಮಾಡಿದ ಟೀ ಶರ್ಟಿಗೆ 1,500ರಿಂದ 2,500, ಹೊರದೇಶದ್ದಕ್ಕೆ ಹೆಚ್ಚೆಂದರೆ 8,000. ಅಂಗಿಗೆ 4,000ದಿಂದ 10,000. ಜೀನ್ಸಿಗೆ 6,000. ಮೆರಿನೋ ಸ್ವೆಟರಿಗೆ 8,000, ನಿಜವಾದ ಉತ್ತಮ ಕ್ಯಾಶ್ಮೀರಿಗೆ 25,000ದಿಂದ 35,000. ಇದರಾಚೆ ಕೊಟ್ಟ ಹಣ ಹೆಸರಿಗೆ, ಅಂಗಡಿಯ ಹವಾನಿಯಂತ್ರಣಕ್ಕೆ, ಜಾಹೀರಾತಿಗೆ. ಆ ಸೊಬಗು ಬೇಕೇ ಬೇಕೆಂದರೆ ಇಟಲಿಯಲ್ಲಿ ಜನವರಿ, ಜುಲೈ ತಿಂಗಳ ಆರಂಭದಲ್ಲಿ ಶುರುವಾಗುವ ರಿಯಾಯಿತಿಗೆ ಕಾಯಿರಿ. ಬಿಳಿ, ಕಪ್ಪು, ನೇವಿ ಪ್ರತಿ ವರ್ಷ ಮಾರಾಟವಾಗುವುದರಿಂದ ಅವುಗಳ ಬೆಲೆ ಇಳಿಸುವುದು ಅಪರೂಪ. ಆ ಋತುವಿಗೆಂದು ತಂದ ಪಾಚಿ ಹಸಿರು, ಇಟ್ಟಿಗೆ ಕೆಂಪಿನಂಥ ಬಣ್ಣಗಳೇ ಅರ್ಧಕ್ಕೆ ಬರುತ್ತವೆ, ಬಟ್ಟೆ ಅದೇ.

ಅಂಗಿಯ ವಿಷಯದಲ್ಲಿ ಕರ್ನಾಟಕದಲ್ಲಿರುವವರಿಗೆ ಇನ್ನೂ ಒಳ್ಳೆಯ ದಾರಿ ಇದೆ, ಅದು ಒಳ್ಳೆಯ ದರ್ಜಿ. 58 ಇಂಚು ಪನ್ನದ ಬಟ್ಟೆ 1.6 ಮೀಟರ್ ತನ್ನಿ, 36 ಇಂಚಿನದಾದರೆ 2.25 ಮೀಟರ್, ದೊಡ್ಡ ಮೈಕಟ್ಟಿಗೆ ಇನ್ನೂ ಕಾಲು ಮೀಟರ್. ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಹಿಂಡದೆ ನೆರಳಿನಲ್ಲಿ ಒಣಗಿಸಿ, ಆಮೇಲೆ ಕೊಡಿ. ದರ್ಜಿಗೆ ಮೂರು ಮಾತು ಹೇಳಬೇಕು: ಇಂಚಿಗೆ 16ರಿಂದ 18 ಹೊಲಿಗೆ ಸಣ್ಣ ಸೂಜಿಯಲ್ಲಿ, ಪಕ್ಕದ ಅಂಚು ಓವರ್‌ಲಾಕ್ ಬಿಟ್ಟು ಮಡಿಚಿ ಮುಚ್ಚಿದ ಹೊಲಿಗೆ, ಕಾಲರಿಗೆ ಹತ್ತಿಯ ಬಕ್ರಂ. ಇಷ್ಟಕ್ಕೆ ಆತ ಹೆಚ್ಚು ಕೂಲಿ ಕೇಳಿದರೆ ಚೌಕಾಶಿ ಮಾಡದೆ ಕೊಡಿ, ಆ ಕೆಲಸ ನಿಜಕ್ಕೂ ಎರಡರಷ್ಟು ಹೊತ್ತು ಹಿಡಿಯುತ್ತದೆ. ಮೊದಲು ಒಂದೇ ಹೊಲಿಸಿ, ಮೂರು ಸಲ ಒಗೆದು ಹಾಕಿ ನೋಡಿ, ಕಂಕುಳ ಮತ್ತು ಕಾಲರ್ ತಿದ್ದಿಸಿ, ಆಮೇಲೆ ಉಳಿದವನ್ನು ಕೊಡಿ.

ಕೊಂಡದ್ದನ್ನು ಉಳಿಸಿಕೊಳ್ಳುವ ಬಗ್ಗೆ ಎರಡು ಸಂಗತಿ, ಯಾಕೆಂದರೆ ಇವೆರಡರ ಮುಂದೆ 1,000ದ ಬಟ್ಟೆಯೂ 40,000ದ್ದೂ ಒಂದೇ. ಕಂಕುಳಲ್ಲಿ ಹಳದಿ ಕಲೆಗೆ ಮುಖ್ಯ ಕಾರಣ ಬೆವರು ತಡೆಯುವ ಸ್ಟಿಕ್ಕುಗಳಲ್ಲಿರುವ ಅಲ್ಯೂಮಿನಿಯಂ ಲವಣ, ಅದು ಬೆವರಿನೊಡನೆ ಸೇರಿ ಎಳೆಗೆ ಕಚ್ಚುತ್ತದೆ. ಕ್ಲೋರಿನ್ ಬ್ಲೀಚ್ ಹಾಕಿದರೆ ಕಲೆ ಇನ್ನೂ ಹಳದಿಯಾಗುತ್ತದೆ. ಬಿಳಿ ಹತ್ತಿಯಾದರೆ ಆಕ್ಸಿಜನ್ ಬ್ಲೀಚ್ ಪುಡಿಯನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ ಒಂದೆರಡು ಗಂಟೆ ನೆನೆಸಿ. ಉಣ್ಣೆಗೆ, ರೇಷ್ಮೆಗೆ ಇದನ್ನು ಮುಟ್ಟಿಸಬೇಡಿ. ಇನ್ನೊಂದು ಬೋರ್‌ವೆಲ್ ನೀರು. ಅದರ ಗಡಸು ಸೋಪಿನೊಡನೆ ಸೇರಿ ಬೂದು ಪೊರೆಯಾಗಿ ಬಟ್ಟೆಯಲ್ಲಿ ಉಳಿಯುತ್ತದೆ, ಬಿಳಿ ಮಂಕಾಗುತ್ತದೆ, ನಯವಾದ ಹತ್ತಿ ಹಪ್ಪಳದಂತಾಗುತ್ತದೆ. ಬಾರ್ ಸೋಪು ಬಿಟ್ಟು ದ್ರವ ಡಿಟರ್ಜೆಂಟ್ ಬಳಸಿ, ಕೊನೆಯ ಜಾಲಾಟದ ನೀರಿಗೆ ಬಕೆಟ್ಟಿಗೆ ಅರ್ಧ ಲೋಟ ಬಿಳಿ ವಿನೆಗರ್ ಹಾಕಿ, ಬ್ಲೀಚ್ ಹಾಕಿದ ದಿನ ಮಾತ್ರ ಬೇಡ. ಒಳಗು ಮೇಲು ಮಾಡಿ ನೆರಳಿನಲ್ಲಿ ಒಣಗಿಸಿ, ಟೀ ಶರ್ಟನ್ನು ಭುಜ ಹಿಡಿದು ತೂಗುಹಾಕುವ ಬದಲು ನಡುವಿನಲ್ಲಿ ಮಡಿಚಿ ಹಗ್ಗದ ಮೇಲೆ ಹಾಕಿ.